ಹಾಳೆ ಎಳೆಯುವವರು ಯಾರು?

ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಒಂದೊಂದು ಸೋಗೆಯ ಬುಡಕ್ಕೂ ಒಂದೊಂದು ಹಾಳೆ. ಅದು ಕಳಚಿ ಬಿದ್ದ ಮೇಲೆಯೇ ಒಳಗೆ ಅಡಗಿದ್ದ ಹಿಂಗಾರ ಬೆಳಕು ಕಾಣುವುದು. ಹಾಗಾಗಿ ತೋಟದ ಯಜಮಾನನಿಗೆ ಹಾಳೆ ಬಿದ್ದ ಸದ್ದು ಕೇಳಿದರೆ ಒಂದು ಗೊನೆಯ ಲೆಕ್ಕ ಸುರುವಾಯಿತು ಎಂದು ಅರ್ಥ. ದಕ್ಷಿಣ ಕನ್ನಡದ ಕೊಕ್ಕಡದ ಆಸುಪಾಸಿನ ಮಕ್ಕಳಿಗೆ ಆ ಸದ್ದಿನ ಅರ್ಥವೇ ಬೇರೆ: ಗಾಡಿ ಬಂತು.

ಮಕ್ಕಳು ತಲುಪುವ ಮೊದಲು ಹಿರಿಯರು ತಲುಪಿದರೆ ಹಾಳೆಗೆ ನೂರೆಂಟು ಉದ್ಯೋಗ ಕಾದಿರುತ್ತಿತ್ತು. ಗದ್ದೆಗೆ ಇಳಿಯುವವರ ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಪಂಪು ಬರುವ ಮೊದಲು ಕಣಿಯಿಂದ ಅಡಿಕೆ ಬುಡಕ್ಕೆ ನೀರು ಚೇಪುವ ಪಾತ್ರೆ, ಕೊನೆಗೆ ಏನೂ ಆಗದಿದ್ದರೆ ಕೊಚ್ಚಿ ದನದ ಬಾಯಿಗೆ. ಇಷ್ಟೆಲ್ಲದರ ನಡುವೆ ಅಗಲವಾದ, ಸೀಳಿಲ್ಲದ, ಒಳಮೈ ನುಣುಪಾಗಿದ್ದ ಒಂದನ್ನು ಅಜ್ಜಿಯಂದಿರು ಆರಿಸಿ ಬಚ್ಚಲಿನ ಗೋಡೆಗೆ ಒರಗಿಸಿಡುತ್ತಿದ್ದರು. ಅದು ಹುಟ್ಟಲಿರುವ ಮಗುವನ್ನು ಮೀಯಿಸುವ ಹಾಳೆ.

ಇದನ್ನು ಬರೆಯುತ್ತಿರುವವನನ್ನೂ ಅಂಥದ್ದೇ ಒಂದು ಹಾಳೆಯಲ್ಲಿ ಮಲಗಿಸಿ ಮೀಯಿಸಿದ್ದರಂತೆ. ಆ ನೆನಪು ಯಾರಿಗೂ ಇರುವುದು ಸಾಧ್ಯವಿಲ್ಲ. ತಂಗಿಯ ಸ್ನಾನ ಮಾತ್ರ ಅವನಿಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತಂದು ಹಾಕುವ ಅಧಿಕಾರ ಅವನದಾಗಿತ್ತು. ಮೀಯಿಸಲು ಬರುತ್ತಿದ್ದ ಅಜ್ಜಿ ಮೊದಲು ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡುತ್ತಿದ್ದಳು. ಅಂಚು ಎರಡೂ ಕಡೆ ತಾನಾಗಿ ಮೇಲೆದ್ದು ನಡುವೆ ಮಗುವಿನಷ್ಟೇ ಜಾಗೆ ಆಗುತ್ತಿತ್ತು. ಅದರಲ್ಲಿ ಮಗುವನ್ನು ಮಲಗಿಸಿ, ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ತಾಗಿಸಿ ಬಿಡುವುದು. ಮಗು ಎಲ್ಲಾದರೂ ‘ಙೇ’ ಅಂದರೆ ಅವಳ ಕೈ ನಿಲ್ಲುತ್ತಿತ್ತು. “ಬಾಲೆ ದಾದ ಪಣ್ಪುಂಡು?”, ಮಗು ಏನು ಹೇಳುತ್ತಿದೆ ಎಂದು ತುಳುವಿನಲ್ಲಿ ವಿಚಾರಣೆ. ಮಗು ಇನ್ನೊಂದು ಸದ್ದು ಮಾಡಿದರೆ, “ಅಂದಾ? ಬೊಕ್ಕ?” ಎಂದು ಗಂಭೀರವಾಗಿ ಕೇಳಿ, ಉತ್ತರ ಬರುವವರೆಗೆ ಕಾಯುತ್ತಿದ್ದಳು. ಹೌದಾ, ಆಮೇಲೆ ಏನಾಯಿತು ಎಂದು ತಿಂಗಳು ತುಂಬದ ಕೂಸನ್ನು ಕೇಳುವುದು ಒಲೆಯ ಮುಂದೆ ಕೂತವನಿಗೆ ದೊಡ್ಡ ತಮಾಷೆಯಾಗಿ ಕಾಣುತ್ತಿತ್ತು.

ಆ ಕಾಯುವಿಕೆಯ ಬಗ್ಗೆ ಈಗ ಗ್ರಂಥಗಳಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವರು ಅದಕ್ಕೆ ಟೆನಿಸ್ ಆಟದಿಂದ ‘ಸರ್ವ್ ಆ್ಯಂಡ್ ರಿಟರ್ನ್’ ಎಂಬ ಹೆಸರನ್ನು ಎರವಲು ತಂದಿದ್ದಾರೆ. ಮಗು ಒಂದು ನೋಟವನ್ನೋ ಸದ್ದನ್ನೋ ಈ ಕಡೆ ಕಳಿಸುತ್ತದೆ, ದೊಡ್ಡವರು ಅದನ್ನು ವಾಪಸು ಕಳಿಸುತ್ತಾರೆ, ಮಿದುಳಿನ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದು ಈ ಹೋಗಿಬರುವಿಕೆಯಲ್ಲಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಸೇರಿ ಮಗುವಿನ ಪೋಷಣೆಗೆ ಹಾಕಿಕೊಟ್ಟ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ, ಸುರಕ್ಷತೆ, ಕಲಿಯುವ ಅವಕಾಶಗಳ ಜೊತೆಗೆ, ಮಗುವಿನ ಸನ್ನೆಗೆ ಸ್ಪಂದಿಸುವುದಕ್ಕೂ ಸಮನಾದ ಸ್ಥಾನ ಕೊಟ್ಟಿದ್ದಾರೆ. ಕೇಂದ್ರ ಸರ್ಕಾರ 2024ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ನವಚೇತನ’ ಎಂಬ ಕೈಪಿಡಿಯನ್ನೇ ತಂದಿತು. 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳು ಅದರಲ್ಲಿವೆ. ಮೀಯಿಸುವ ಅಜ್ಜಿಗೆ ತೋರಿಸಿದ್ದರೆ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ, ಇದಕ್ಕೂ ಪುಸ್ತಕವಾ ಮಾರಾಯ ಎನ್ನುತ್ತಿದ್ದಳು.

ಪುಸ್ತಕ ಬೇಕಿತ್ತು, ಅಜ್ಜಿಗೂ ಬೇಕಿತ್ತು. ಹಳೆಯದನ್ನೆಲ್ಲ ಹೊಗಳುತ್ತಾ ಕೂತರೆ ಮರೆತುಹೋಗುವ ಸಂಗತಿಗಳಿವೆ. ಅದೇ ಅಜ್ಜಿ ಸ್ನಾನ ಮುಗಿಸುವ ಮೊದಲು ಮಗುವಿನ ಮೂಗಿಗೆ, ಕಿವಿಗೆ ಎರಡೆರಡು ಹನಿ ಎಣ್ಣೆ ಬಿಡುತ್ತಿದ್ದಳು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು ಎಂದು ಮಕ್ಕಳ ವೈದ್ಯರು ಇವತ್ತಿಗೂ ಗಂಟಲು ಹರಿದುಕೊಂಡು ಹೇಳುತ್ತಿದ್ದಾರೆ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಇಳಿಸಿದ್ದು ಲಸಿಕೆ, ಆಸ್ಪತ್ರೆ ಹೆರಿಗೆ, ಶುದ್ಧ ನೀರು, ದಾದಿಯರು. 1975ರ ಅಕ್ಟೋಬರ್ 2ರಂದು ಸುರುವಾದ ಅಂಗನವಾಡಿ ಯೋಜನೆಯೂ ಅದರಲ್ಲಿ ಸೇರಿದೆ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಅಜ್ಜಿಯ “ಬೊಕ್ಕ?” ಉಳಿಯಬೇಕು, ಮೂಗಿನ ಎಣ್ಣೆ ಹೋಗಬೇಕು. ಹಲವು ಮನೆಗಳಲ್ಲಿ ಆದದ್ದು ತಲೆಕೆಳಗು: ಎಣ್ಣೆ ಉಳಿಯಿತು, ಮಾತು ಮೊಬೈಲಿಗೆ ಹೋಯಿತು.

ಇನ್ನು ಗಾಡಿಯ ವಿಷಯ. ಹಾಳೆಗಾಡಿಗೆ ಚಕ್ರವಿಲ್ಲ, ಬ್ರೇಕಿಲ್ಲ, ಎಂಜಿನ್ ಮಾತ್ರ ಇದೆ. ಅದು ಅಣ್ಣನೋ ಅಕ್ಕನೋ ಆಗಿರುತ್ತದೆ. ಕೂರುವವನು ಹಾಳೆಯ ಮೇಲೆ ಕಾಲು ಮಡಚಿ ಕೂತು ಎರಡೂ ಅಂಚನ್ನು ಬಿಗಿಯಾಗಿ ಹಿಡಿಯಬೇಕು. ಎಳೆಯುವವನು ಸೋಗೆಯ ದಂಟನ್ನು ಹೆಗಲಿಗೇರಿಸಿ ಓಡಬೇಕು. ತಿರುವಿನಲ್ಲಿ ಕೂತವನು ಒಳಗಡೆ ವಾಲದಿದ್ದರೆ ನೇರ ತುಳಸಿಕಟ್ಟೆಗೆ. ಒಳಕಿವಿಯ ಸಮತೋಲನ, ಬೆನ್ನಿನ ಸ್ನಾಯು, ಕೈ ಹಿಡಿತ ಎಲ್ಲಕ್ಕೂ ಒಂದೇ ಏಟಿಗೆ ಕೆಲಸ. ಅದಕ್ಕಿಂತ ದೊಡ್ಡ ಕಸರತ್ತು ನಾಲಿಗೆಗೆ. ಎಷ್ಟು ಸುತ್ತಿಗೆ ಸರದಿ ಬದಲಾಗಬೇಕು, ಬಿದ್ದರೆ ಆ ಸುತ್ತು ಲೆಕ್ಕಕ್ಕಿದೆಯೇ, ಚಿಕ್ಕವನನ್ನು ಎಳೆಯುವುದು ಸುಲಭವಾದ್ದರಿಂದ ಅವನಿಗೆ ಹೆಚ್ಚು ಸುತ್ತು ಕೊಡಬೇಕೇ ಎಂಬ ತಕರಾರುಗಳಲ್ಲಿ ಅರ್ಧ ಮಧ್ಯಾಹ್ನ ಕಳೆಯುತ್ತಿತ್ತು. ಐದು ವರ್ಷದ ಮಗು ಅಳದೆ ವಾದ ಮಾಡಲು ಕಲಿಯುವುದು ಇಂಥಲ್ಲಿ. ಮುರಕಲ್ಲಿನ ಗುಡ್ಡೆಯಲ್ಲಿ ಎಳೆದರೆ ಹಾಳೆಯ ಆಯುಷ್ಯ ಬಹಳ ಕಡಿಮೆ. ಹಾಳೆ ತೂತಾದದ್ದು ಚಡ್ಡಿಗೆ ಗೊತ್ತಾದ ಮೇಲೆ ಮನೆಯವರಿಗೆ ಗೊತ್ತಾಗುತ್ತಿತ್ತು.

ಒಂದರಿಂದ ನಾಲ್ಕು ವರ್ಷದ ಮಕ್ಕಳ ಮೈ ದಿನಕ್ಕೆ ಕನಿಷ್ಠ 180 ನಿಮಿಷ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಎರಡು ತುಂಬುವವರೆಗೆ ಪರದೆ ಬೇಡ, ಆಮೇಲೆ ನಾಲ್ಕರವರೆಗೆ ಒಂದು ಗಂಟೆ ಮೀರಬಾರದು ಎಂಬುದೂ ಅದೇ ಸಲಹೆಯಲ್ಲಿದೆ. ಅಂಗಳ ಇದ್ದ ಕಾಲಕ್ಕೆ 180 ಎಂಬುದು ತಿಂಡಿಗೂ ಊಟಕ್ಕೂ ನಡುವೆ ಮುಗಿಯುವ ಸಂಖ್ಯೆ.

ಅಂಗಳ ಸದಾ ಮಕ್ಕಳದ್ದಾಗಿತ್ತು ಎಂದೇನಲ್ಲ. ದೀಪಾವಳಿಯ ಹೊತ್ತಿಗೆ ಮಣ್ಣು ಬಡಿದು, ಸೆಗಣಿ ಸಾರಿಸಿ ಸಜ್ಜಾದ ಅಂಗಳ ಮಳೆಗಾಲ ಸುರುವಾಗುವವರೆಗೆ ಅಡಿಕೆಯ ಸ್ವತ್ತು. ಹಾಳೆಗಾಡಿಗೆ ನಿಷೇಧಾಜ್ಞೆ. ಆಗ ಮಕ್ಕಳು ಆಟವನ್ನು ಕೆಲಸದೊಳಗೆ ನುಗ್ಗಿಸುತ್ತಿದ್ದರು. ಸುಲಿಯುವವರ ಪಕ್ಕ ಕೂತು ಒಳ್ಳೆಯದು ಈ ಕಡೆ, ಪಟೋರ ಆ ಕಡೆ, ಉಳ್ಳಿಗಡ್ಡೆ, ಕರಿಗೋಟು ಬೇರೆ ಬೇರೆ ಎಂದು ರಾಶಿ ಮಾಡುವುದು. ಶಾಲೆಯ ಮೆಟ್ಟಿಲು ಹತ್ತದ ಮಗು ಬಣ್ಣ, ಗಾತ್ರ, ಬಿರುಕು ನೋಡಿ ವಿಂಗಡಿಸಿದರೆ ಸುಲಿಯುವ ಆಳು ಕಣ್ಣೆತ್ತಿ, “ಇದು ಪಟೋರ ಅಲ್ಲ, ಸರಿಯಾಗಿ ನೋಡು” ಎಂದು ತಿದ್ದುತ್ತಿದ್ದ. ತಪ್ಪು ರಾಶಿಗೆ ಹೋದ ಅಡಿಕೆಗೆ ಮಂಡಿಯಲ್ಲಿ ದರ ಕಡಿಮೆ ಸಿಗುತ್ತದೆ ಎಂಬುದೂ ಅಲ್ಲಿಯೇ ತಿಳಿಯುತ್ತಿತ್ತು. ಸಂಖ್ಯೆಗಳಿಗೆ ಮೈ ಬಂದದ್ದು ಅಡಿಕೆಯ ರಾಶಿಯ ಮುಂದೆ.

ಈ ಸೀಮೆ ಮಕ್ಕಳ ಬಗ್ಗೆ ಯೋಚಿಸದ ಸೀಮೆಯೇನಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದವರು. ಮಕ್ಕಳ ಬಾಯಿಗೆ ಒಗ್ಗುವ ಕನ್ನಡವನ್ನು ಹಾಡಾಗಿಸಿದ್ದು ಅವರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳನ್ನು ಕುಣಿಸಿದರು, 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಕೊಟ್ಟರು. ಕೊಕ್ಕಡದ ಸೌತಡ್ಕಕ್ಕೆ ಬಂದರೆ ದೇವರೇ ಮಕ್ಕಳ ಕಡೆಯವನು. ದನ ಮೇಯಿಸುವ ಹುಡುಗರು ಮರದ ಬುಡದಲ್ಲಿ ಕೂರಿಸಿ ಸೌತೆಕಾಯಿ ನೈವೇದ್ಯ ಮಾಡಿದ ಗಣಪತಿ ಎಂಬುದು ಸ್ಥಳದ ಕತೆ. ಗುಡಿಯಿಲ್ಲ, ಬಯಲಿನಲ್ಲೇ ವಾಸ. ಸುತ್ತ ಹರಕೆಯ ಗಂಟೆಗಳ ಸಾಲು. ಅಲ್ಲಿಗೆ ಕರೆತಂದ ಎರಡು ವರ್ಷದ ಮಗುವಿಗೆ ಒಂದೊಂದನ್ನೂ ಬಾರಿಸಿ ಸದ್ದಿನ ವ್ಯತ್ಯಾಸ ಕೇಳಬೇಕೆಂಬ ಹಟ. ಎತ್ತಿ ಹಿಡಿದ ಅಪ್ಪಂದಿರ ರಟ್ಟೆ ಸೋತು ಅವಲಕ್ಕಿ ಪಂಚಕಜ್ಜಾಯದ ಕಡೆ ಗಮನ ತಿರುಗಿಸಬೇಕಾಗುತ್ತದೆ.

ಇದೇ ಕೊಕ್ಕಡದಲ್ಲಿ ಇನ್ನೊಂದು ಕತೆಯೂ ಇದೆ, ಅದನ್ನು ಬಿಟ್ಟು ಇಲ್ಲಿನ ಮಕ್ಕಳ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ. ಗುಡ್ಡಗಳ ತುಂಬಾ ಗೇರು ಅಭಿವೃದ್ಧಿ ನಿಗಮದ ತೋಪುಗಳು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದರು. ಹೆಲಿಕಾಪ್ಟರ್ ಬಂದರೆ ಊರಿನ ಮಕ್ಕಳಿಗೆ ಹಬ್ಬ. ಹಾಳೆ ಬಿಸಾಡಿ ಬಯಲಿಗೆ ಓಡಿ, ಕತ್ತೆತ್ತಿ, ಕೈ ಬೀಸುತ್ತಿದ್ದವರನ್ನು ನೆನೆಯುವವರು ಈಗಲೂ ಸಿಗುತ್ತಾರೆ. ಬಾವಿಗೆ, ತೋಡಿಗೆ, ಅಂಗಳಕ್ಕೆ ಬಿದ್ದದ್ದು ಏನೆಂದು ಅವರಿಗೆ ಹೇಳಿದವರಿಲ್ಲ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆ ಆ ವಿಷವನ್ನು ಜಗತ್ತಿನ ನಿಷೇಧ ಪಟ್ಟಿಗೆ ಸೇರಿಸಿತು, ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ತಡೆಯಿತು. ಅಷ್ಟರಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಕತ್ತು ನಿಲ್ಲದ, ಮಾತು ಬಾರದ, ಅಂಗೈ ಬಿಚ್ಚದ ಮಕ್ಕಳಿದ್ದರು.

ಸರ್ಕಾರ ಸಮೀಕ್ಷೆ ಮಾಡಿ ಪೀಡಿತರನ್ನು ಗುರುತಿಸಿತು, ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲು ಪಾಲನಾ ಕೇಂದ್ರ ತೆರೆಯಿತು. ಫಿಸಿಯೋಥೆರಪಿ, ಊಟ, ಕೈಗೆ ಹಿಡಿಯಲು ಕೊಡುವ ಮಣಿ, ಚೆಂಡು. ಇಲ್ಲಿ ಮಗುವೊಂದು ಚಮಚ ಬಾಯಿಗೆ ಒಯ್ಯಲು ಕಲಿಯುವುದಕ್ಕೆ ವರ್ಷ ಹಿಡಿಯಬಹುದು, ಕಲಿಯದೆಯೂ ಇರಬಹುದು. ಬೇರೆ ಮನೆಗಳಲ್ಲಿ ಎರಡು ವರ್ಷಕ್ಕೆ ಮುಗಿಯುವ ಮೀಯಿಸುವ, ಉಣಿಸುವ, ಎತ್ತುವ ಕೆಲಸ ಇಲ್ಲಿನ ಕೆಲವು ತಾಯಂದಿರಿಗೆ ಮಗನಿಗೆ ಮೂವತ್ತು ದಾಟಿದರೂ ಮುಗಿದಿಲ್ಲ. ಮಗನ ತೂಕ ಹೆಚ್ಚುತ್ತದೆ, ತಾಯಿಯ ಸೊಂಟ ಬಗ್ಗುತ್ತದೆ. ಅವರಲ್ಲಿ ಒಬ್ಬಾಕೆ ಮಗನಿಗೆ ಗಂಜಿ ಉಣಿಸುತ್ತಾ ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ: ಯಾರ ಮನೆಯಲ್ಲಿ ಮದುವೆ, ಯಾರ ದನ ಕರು ಹಾಕಿತು. ಅವನು ಕಣ್ಣು ಹೊರಳಿಸಿದಾಗ ನಿಲ್ಲಿಸಿ ಕಾಯುತ್ತಾಳೆ. ಕೈಪಿಡಿ ಬರೆದವರು ಹೇಳುವ ಸ್ಪಂದನ ಇದೇ, ಮೂವತ್ತು ವರ್ಷದಿಂದ ರಜೆಯಿಲ್ಲದೆ.

ಹಾಳೆಗೆ ಈಗ ಬೇಡಿಕೆ ಬೇರೆ ಕಡೆಯಿಂದ. ಯಂತ್ರದಲ್ಲಿ ಬಿಸಿ ಮಾಡಿ ಒತ್ತಿದರೆ ತಟ್ಟೆಯಾಗುತ್ತದೆ, ಬಟ್ಟಲಾಗುತ್ತದೆ. ಪ್ಲಾಸ್ಟಿಕ್ ಬೇಡ ಎನ್ನುವ ಮದುವೆಗಳಿಗೂ ಹೊರದೇಶಕ್ಕೂ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆಯ ಅಂಶಗಳು ಊಟಕ್ಕೆ ಸೇರಬಹುದು ಎಂಬ ಕಾರಣಕ್ಕೆ ಈ ತಟ್ಟೆಗಳು ಬೇಡವೆಂದಿತು. ತಟ್ಟೆ ಮಾಡುವವರಿಗೆ ಚಿಂತೆ ಹತ್ತಿತು. ಅಂಗಳದ ಗಾಡಿಯ ಬಗ್ಗೆ ಆ ಇಲಾಖೆಗೆ ತಕರಾರಿಲ್ಲ.

ಈ ಲೇಖಕನ ತೋಟಕ್ಕೂ ಹಾಳೆ ಕೊಳ್ಳುವವರು ಬರುತ್ತಾರೆ. ಸೀಳಿದ್ದು, ಕಪ್ಪಾದದ್ದು, ಅಗಲ ಸಾಲದ್ದು ಬೇಡವೆಂದು ಪಕ್ಕಕ್ಕೆಸೆದು ಲೆಕ್ಕ ಹಾಕಿ ಹೋಗುತ್ತಾರೆ. ಬೇಡವಾದ ರಾಶಿ ಮೊಮ್ಮಗಳ ಪಾಲು. ರಜೆಗೆ ಬೆಂಗಳೂರಿನಿಂದ ಬಂದ ಅವಳಿಗೆ ಅಲ್ಲಿ ಆಟಿಕೆ ಇಡಲು ಪ್ರತ್ಯೇಕ ಕಪಾಟಿದೆ, ಎಳೆಯಲು ಜನವಿಲ್ಲ. ಇಲ್ಲಿ ಅಜ್ಜನೇ ಎಂಜಿನ್. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದರಿಂದ ಹಾಳೆ ಮೊದಲಿಗಿಂತ ಚೆನ್ನಾಗಿ ಜಾರುತ್ತದೆ, ಅಜ್ಜನ ಮಂಡಿಯೇ ಕೈಕೊಡುವುದು. ಎರಡು ಸುತ್ತಿಗೆ ಏದುಸಿರು ಬಂದು ನಿಂತರೆ, ಈಗ ಅಜ್ಜ ಕೂರಬೇಕು, ತಾನು ಎಳೆಯುತ್ತೇನೆ ಎಂದು ಅಪ್ಪಣೆ. ಕೂತದ್ದಾಯಿತು. ಅವಳು ದಂಟು ಹಿಡಿದು ಮುಖ ಕೆಂಪು ಮಾಡಿ ಎಳೆದಳು, ಹಾಳೆ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮನೆಯ ಇಬ್ಬರು ಮಕ್ಕಳನ್ನು ಕೂಗಿ ಕರೆದಳು. ಮೂವರೂ ಸೇರಿ ಯಾರು ಎಲ್ಲಿ ಹಿಡಿಯಬೇಕೆಂಬ ಚರ್ಚೆ ಇನ್ನೂ ನಡೆದಿತ್ತು, ಒಳಗಿನಿಂದ ಊಟಕ್ಕೆ ಕರೆದರು, ಯಾರೂ ಏಳಲಿಲ್ಲ.