ಅಟ್ಟದ ಮೇಲಿನ ಪ್ಲೇಟು

ಮೊನ್ನೆ ಶಿವಮೊಗ್ಗದಿಂದ ಗೆಳೆಯನ ಮಗ ಬಂದಿದ್ದ. ಹಳೆಯ ಮಟಾಡೋರ್ ವ್ಯಾನೊಂದನ್ನು ಕೊಂಡು ಆಟೋ ಕಾಂಪ್ಲೆಕ್ಸಿನಲ್ಲಿ ರಿಪೇರಿ ಮಾಡಿಸುತ್ತಿದ್ದಾನೆ. "ಮಾವ, ನೀವು ಡಿಸ್ಕ್ ಬ್ರೇಕ್ ಕೂರಿಸೋಕೆ ಒಂದು ಪ್ಲೇಟ್ ಮಾಡಿದ್ರಂತಲ್ಲ. ಇದ್ರೆ ಕೊಡಿ, ಅಳತೆಗೆ ಬೇಕು" ಅಂದ. ಅಟ್ಟದ ಮೇಲಿತ್ತು. ಇಳಿಸಿ ತೋರಿಸಿದೆ. ಕೊಡಲಿಲ್ಲ.

1996ರ ಮಾತು. ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಟಾಡೋರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಪುಣೆಯ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ಟೆಂಪೊ ಗಾಡಿಯ ಮೂಲದಿಂದ 1969ರಲ್ಲಿ ಇಲ್ಲಿಗೆ ತಂದ ವ್ಯಾನು ಅದು. ಮುಂದಿನ ಚಕ್ರಗಳೇ ಎಳೆಯುತ್ತಿದ್ದುದರಿಂದ ಹಿಂದಿನವರೆಗೆ ದಂಡ ಹಾಯುತ್ತಿರಲಿಲ್ಲ, ನೆಲ ತಗ್ಗಿನಲ್ಲಿತ್ತು, ಹೇರುವುದು ಸುಲಭ. ಸುಲಭ ಅಂತಲೇ ಎಲ್ಲರೂ ಮಿತಿಮೀರಿ ಹೇರುತ್ತಿದ್ದೆವು. ಮದುವೆ ದಿಬ್ಬಣವಾದರೆ ಸೀಟಿಗಿಂತ ತಲೆ ಹೆಚ್ಚು.

ಉಡುಪಿ ಕಡೆ ಬಾಡಿಗೆ ಬಂದರೆ ಆಗುಂಬೆ ಘಾಟಿ. 14 ಕಡಿದಾದ ತಿರುವು. ಒಂದೇ ಸಮ ಬ್ರೇಕ್ ತುಳಿದು ಇಳಿದರೆ ಡ್ರಮ್ ಕಾಯುತ್ತದೆ, ಕಾದು ಹಿಗ್ಗುತ್ತದೆ, ಶೂ ಅಷ್ಟು ದೂರ ಹೋಗಿ ತಾಗಬೇಕು. ಲೈನಿಂಗ್ ಕೂಡ ಬಿಸಿಗೆ ಹಿಡಿತ ಬಿಡುತ್ತದೆ. ಅದು ಒಂದು ಗಾಡಿಯ ದೋಷವಲ್ಲ, ಡ್ರಮ್ ಬ್ರೇಕಿನ ಗುಣವೇ ಅಷ್ಟು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಅಪ್ಪಯ್ಯನ ಕಟ್ಟುನಿಟ್ಟು. ಡಿಸ್ಕ್ ಆದರೆ ಗಾಳಿಗೆ ತೆರೆದುಕೊಂಡಿರುತ್ತದೆ, ಬೇಗ ತಣಿಯುತ್ತದೆ. ನನಗಾಗ 24 ವರ್ಷ. ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಯೇ ಬಿಡೋಣ ಅಂತ ಹಟ ಹಿಡಿದೆ.

ಬೆಂಗಳೂರಿನ ಗುಜರಿಯಿಂದ ಕಾರಿನ ಡಿಸ್ಕು, ಅದನ್ನು ಪ್ಯಾಡಿನಿಂದ ಅಮುಕಿ ಹಿಡಿಯುವ ಕ್ಯಾಲಿಪರು ತಂದೆ. ಕ್ಯಾಲಿಪರಿನ ತೂತಿಗೂ ನಮ್ಮ ಗಾಡಿಯ ತೂತಿಗೂ ತಾಳೆಯಿಲ್ಲ. ನಡುವೆ ಒಂದು ಪ್ಲೇಟು ಬೇಕು. ಬ್ರೇಕ್ ಹಿಡಿದಾಗ ಚಕ್ರದ ತಿರುಗುವ ಜೋರನ್ನೆಲ್ಲ ತಡೆದು ನಿಲ್ಲುವುದು ಅದೇ. ಹಳೆ ಮದುವೆ ಕಾಗದದ ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. 12 ಮಿ.ಮೀ. ಕಬ್ಬಿಣದ ಪ್ಲೇಟನ್ನು ಗ್ಯಾಸ್ ಕಟ್ಟಿಂಗ್ ಮಾಡಿಸಿ, ಲೇತಿನವರ ಹತ್ತಿರ ತೂತು ಕೊರೆಸಿ, ಉಳಿದದ್ದನ್ನು ಅರದಲ್ಲಿ ತೀಡಿದೆ. ಕೂರಿಸಿದರೆ ಕ್ಯಾಲಿಪರು ಡಿಸ್ಕಿನ ನಡುವಿಗೆ ಬರಲಿಲ್ಲ. ಒಂದೂವರೆ ಮಿ.ಮೀ. ಒಳಗೆ. ವಾಷರ್ ಕೊಟ್ಟು ಸರಿ ಮಾಡಿದೆವು.

ಮೊದಲ ಓಟದಲ್ಲಿ ಎರಡು ಮೈಲಿಗೇ ಡಿಸ್ಕು ಸುಟ್ಟು ನೀಲಿಯಾಯಿತು. ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದರಿಂದ ತೊಂದರೆಯಿಲ್ಲ, ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ. ಡಿಸ್ಕಿಗೆ ಆ ಸ್ಪ್ರಿಂಗ್ ಇಲ್ಲ, ಪ್ಯಾಡ್ ಉಜ್ಜುತ್ತಲೇ ಇತ್ತು. ಮುಂದಿನ ಸಾಲಿಗಿದ್ದ ವಾಲ್ವ್ ತೆಗೆದ ಮೇಲೆ ಗಾಡಿ ಚೆನ್ನಾಗಿಯೇ ನಿಂತಿತು. ಪೆಡಲ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಅಪ್ಪಯ್ಯನ ಮಂಡಿ ನೋವು ಹೆಚ್ಚಿತು. ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಎರಡು ವರ್ಷ ಓಡಿಸಿದೆವು. ಮದುವೆ, ಶಾಲೆ ಪ್ರವಾಸ, ಮಣಿಪಾಲಕ್ಕೆ ರೋಗಿಗಳು. ಒಂದು ದಿನ ವೀಲ್ ಬೇರಿಂಗಿಗೆ ಗ್ರೀಸ್ ತುಂಬಲು ಬಿಚ್ಚಿದಾಗ ಎಡಗಡೆಯ ಪ್ಲೇಟಿನ ಒಳಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಲೇತಿನವರು ಪ್ಲೇಟಿಗೆ ಸೀಮೆಎಣ್ಣೆ ಸವರಿ, ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದರು. ಸ್ವಲ್ಪ ಹೊತ್ತಿಗೆ ಬಿರುಕಿನೊಳಗಿನ ಎಣ್ಣೆ ಒಸರಿ, ಬಿಳಿಯ ಮೇಲೆ ಕಪ್ಪು ಗೆರೆ ಮೂಡಿತು. ಹೆಬ್ಬೆರಳಿನ ಉದ್ದ. ಆ ಮೂಲೆಯನ್ನು ನೀಟಾಗಿ ಕಾಣಲಿ ಎಂದು ಚೂಪಾಗಿ ತೀಡಿದ್ದವನು ನಾನು. ಒತ್ತಡವೆಲ್ಲ ಅಂಥ ಚೂಪು ಮೂಲೆಗೇ ಬಂದು ಸೇರುತ್ತದೆ. ದುಂಡಗೆ ಬಿಟ್ಟಿದ್ದರೆ ಹರಡಿಕೊಳ್ಳುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಹಳೆಯ ಡ್ರಮ್ ವಾಪಸ್ ಹಾಕಿಸಿದೆ.

ಆಗಿನವರ ಕೈಚಳಕ ಈಗಿನವರಿಗಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಗ ಕಂಪ್ಯೂಟರಿನಲ್ಲಿ ಬರೆದ ನಕ್ಷೆಯಲ್ಲಿ ಪ್ರತಿ ಒಳಮೂಲೆಯೂ ದುಂಡಗಿದೆ. ಲೇಸರ್ ಕಟ್ಟಿಂಗಿನಲ್ಲಿ ನನ್ನ ಒಂದೂವರೆ ಮಿ.ಮೀ. ತಪ್ಪು ಆಗುವುದೇ ಇಲ್ಲ. ಪೆಡಲ್ ಹಗುರವಾಗಲು ಅವನು ಬೂಸ್ಟರ್ ಕೂಡ ಹಾಕಿಸುತ್ತಾನಂತೆ. ನಮಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವುದೇ ಗೊತ್ತಿರಲಿಲ್ಲ. ತಯಾರಕರು ಕೊಟ್ಟದ್ದನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ ಎನ್ನುತ್ತದೆ ಅದು. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬಾ, ಆಮೇಲೆ ಪ್ಲೇಟು ಕತ್ತರಿಸು ಎಂದೆ. ತಲೆಯಾಡಿಸಿದ. ಹೋಗುವಾಗ ಪ್ಲೇಟಿನ ಬಿರುಕಿನ ಫೋಟೊ ತೆಗೆದುಕೊಂಡ.

ಹಳೆಯ ವ್ಯಾನಿಗೆ ಇಂಥದ್ದೊಂದು ಪ್ಲೇಟು ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಘಾಟಿ ಇಳಿಯುವ ಮೊದಲು ಅದನ್ನು ಬಿಚ್ಚಿಸಿ ಸೀಮೆಸುಣ್ಣ ಹಚ್ಚಿ ನೋಡಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಡಿಸ್ಕಿಗೂ ಪ್ಯಾಡಿಗೂ ತಾಗದಿರಲಿ.