ಒರ್ಲ್ಯಾಂಡೊ: ಎರಡು ಮಾಯಾಲೋಕ, ನಾಲ್ಕೇ ದಿನ

ಅರವತ್ತು ವರ್ಷಗಳ ಹಿಂದೆ ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ಎಂದರೆ ಕಿತ್ತಳೆ ತೋಟಗಳ ನಡುವಿನ ಒಂದು ಸಾಧಾರಣ ಊರು. ಸುತ್ತಲೂ ಜೌಗು ನೆಲ, ಲೆಕ್ಕವಿಲ್ಲದಷ್ಟು ಕೆರೆಗಳು, ಕೆರೆಗಳಲ್ಲಿ ಮೊಸಳೆಯ ದಾಯಾದಿಗಳಾದ ಆಲಿಗೇಟರ್‌ಗಳು. ಇಂದು ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಎತ್ತ ನೋಡಿದರೂ ಮಕ್ಕಳು. ಕೆಲವರ ತಲೆಯ ಮೇಲೆ ಮಿಕ್ಕಿ ಮೌಸ್‌ನ ದುಂಡನೆಯ ಕಿವಿ, ಇನ್ನು ಕೆಲವರ ಕೈಯಲ್ಲಿ ಹ್ಯಾರಿ ಪಾಟರನ ಮಂತ್ರದಂಡ. ಕಿವಿಯವರು ಡಿಸ್ನಿಯ ಕಡೆಯವರು, ದಂಡದವರು ಯೂನಿವರ್ಸಲ್‌ನ ಕಡೆಯವರು. ಈ ಎರಡು ಸಂಸ್ಥೆಗಳ ಪೈಪೋಟಿಯೇ ಇಂದಿನ ಒರ್ಲ್ಯಾಂಡೊ.

ಕನ್ನಡಿಗರಿಗೆ ಇದು ತೀರ ದೂರದ ಮಾತೇನಲ್ಲ. ಅಮೆರಿಕದಲ್ಲಿ ನೆಲೆಸಿದ ಮಗನ ಮನೆಗೆ ಹೋಗುವ ಅಜ್ಜ ಅಜ್ಜಿಯರು, ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಮನೆಗೆ ಹಾರುವ ಮಕ್ಕಳು, ಎಲ್ಲರ ಪಟ್ಟಿಯಲ್ಲೂ ನಯಾಗರ ಜಲಪಾತದ ಜೊತೆಗೆ ಒರ್ಲ್ಯಾಂಡೊ ಇದ್ದೇ ಇರುತ್ತದೆ. ನಯಾಗರಕ್ಕಾದರೆ ಹೋಗಿ ನೋಡಿ ಬಂದರಾಯಿತು. ಒರ್ಲ್ಯಾಂಡೊಗೆ ಹೊರಡುವ ಮುನ್ನ ಮಾತ್ರ ಮನೆಯಲ್ಲಿ ಒಂದು ಸಣ್ಣ ಚುನಾವಣೆಯೇ ನಡೆಯಬೇಕು.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಹದಿನಾಲ್ಕು ವರ್ಷದ ಮಗ, ಐದು ವರ್ಷದ ಮಗಳು, ಅಪ್ಪ, ಅಮ್ಮ, ಊರಿನಿಂದ ಬಂದಿರುವ ಅಜ್ಜಿ. ಮಗಳಿಗೆ ಸಿಂಡ್ರೆಲಾಳ ಅರಮನೆ ನೋಡಲೇಬೇಕು. ಮಗನ ಪ್ರಕಾರ ಅದೆಲ್ಲ ಚಿಕ್ಕ ಮಕ್ಕಳ ಆಟ. ಅಜ್ಜಿಗೆ ಮಂಡಿನೋವು, ಅಪ್ಪನಿಗೆ ಡಾಲರಿನ ಚಿಂತೆ. ಇರುವುದು ನಾಲ್ಕೇ ದಿನ. ಎಲ್ಲಿಗೆ ಹೋಗುವುದು?

ಗುಟ್ಟಾಗಿ ಕೊಂಡ ನೆಲ

ಉತ್ತರಕ್ಕೆ ಮೊದಲು ಎರಡೂ ತಾಣಗಳ ಹಿನ್ನೆಲೆ ತಿಳಿಯಬೇಕು. ವಾಲ್ಟ್ ಡಿಸ್ನಿ ತನ್ನ ಮೊದಲ ಉದ್ಯಾನ ಡಿಸ್ನಿಲ್ಯಾಂಡ್ ಅನ್ನು ಕ್ಯಾಲಿಫೋರ್ನಿಯಾದಲ್ಲಿ ತೆರೆದದ್ದು 1955ರಲ್ಲಿ. ಜನ ಮುಗಿಬಿದ್ದರು. ಜನರ ಹಿಂದೆಯೇ ಇತರರ ಹೋಟೆಲು, ಅಂಗಡಿಗಳು ಬಂದು ಉದ್ಯಾನವನ್ನು ಸುತ್ತುವರಿದವು. ಬೆಳೆಯಲು ಜಾಗವೇ ಉಳಿಯಲಿಲ್ಲ. ಆ ಪಾಠ ಕಲಿತ ಡಿಸ್ನಿ, ಫ್ಲಾರಿಡಾದಲ್ಲಿ ಬೇರೆ ಬೇರೆ ಹೆಸರಿನ ಕಂಪೆನಿಗಳ ಮೂಲಕ ಗುಟ್ಟಾಗಿ ಜೌಗು ನೆಲವನ್ನು ಕೊಳ್ಳತೊಡಗಿದ. 1965ರಲ್ಲಿ ಗುಟ್ಟು ರಟ್ಟಾಗುವ ವೇಳೆಗೆ ಸುಮಾರು 27,000 ಎಕರೆ ಕೈಸೇರಿತ್ತು. ಸರಾಸರಿ ಬೆಲೆ ಎಕರೆಗೆ ಇನ್ನೂರು ಡಾಲರಿಗೂ ಕಡಿಮೆ!

ಆದರೆ ಕನಸು ಕಂಡವನು ಅದನ್ನು ನೋಡಲಿಲ್ಲ. ವಾಲ್ಟ್ 1966ರ ಡಿಸೆಂಬರಿನಲ್ಲಿ ತೀರಿಕೊಂಡ. ನಿವೃತ್ತಿಗೆ ಸಿದ್ಧನಾಗಿದ್ದ ಅಣ್ಣ ರಾಯ್ ಡಿಸ್ನಿ ಹೊಣೆ ಹೊತ್ತು, 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ. ತಮ್ಮನ ನೆನಪು ಉಳಿಯಲೆಂದು ಅದಕ್ಕೆ ವಾಲ್ಟ್ ಡಿಸ್ನಿ ವರ್ಲ್ಡ್ ಎಂದು ಅವನ ಪೂರ್ಣ ಹೆಸರನ್ನೇ ಇಡಿಸಿದ. ಆ ವರ್ಷ ಮುಗಿಯುವುದರೊಳಗೆ ತಾನೂ ಹೊರಟುಹೋದ.

ಇಂದು ಅಲ್ಲಿ ನಾಲ್ಕು ಉದ್ಯಾನಗಳಿವೆ. ಅರಮನೆಯಿರುವ ಮ್ಯಾಜಿಕ್ ಕಿಂಗ್‌ಡಮ್ ಮೊದಲನೆಯದು. ವಿಜ್ಞಾನ ಮತ್ತು ಹನ್ನೊಂದು ದೇಶಗಳ ಮಂಟಪಗಳುಳ್ಳ ಎಪ್ಕಾಟ್ 1982ರದ್ದು, ಸಿನಿಮಾ ಜಗತ್ತಿನ ಹಾಲಿವುಡ್ ಸ್ಟುಡಿಯೋಸ್ 1989ರದ್ದು, ಪ್ರಾಣಿಗಳ ಅನಿಮಲ್ ಕಿಂಗ್‌ಡಮ್ 1998ರದ್ದು. ಈ ಕೊನೆಯದರ ಏಷ್ಯಾ ವಿಭಾಗದಲ್ಲಿ ಹುಲಿಗಳಿವೆ, ಹಳೆಯ ಅರಮನೆಯಂಥ ಗೋಡೆಗಳಿವೆ. ಆ ಕಾಲ್ಪನಿಕ ಊರಿನ ಹೆಸರು ಆನಂದಪುರ! ಸಾಗರ ತಾಲ್ಲೂಕಿನ ಆನಂದಪುರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲದಿದ್ದರೂ ಮಲೆನಾಡಿನ ಅಜ್ಜಿಯೊಬ್ಬರು ಆ ಫಲಕ ಓದಿದರೆ ನಗದೆ ಇರಲಾರರು.

ಎದುರಾಳಿಯ ಪ್ರವೇಶ

ಯೂನಿವರ್ಸಲ್ ಬಂದದ್ದು ತಡವಾಗಿ, 1990ರ ಜೂನ್ 7ರಂದು. ಮೊದಲ ದಿನವೇ ಮುಖ್ಯ ಆಟಗಳು ಕೆಟ್ಟು ನಿಂತು, ಬಂದವರು ಗೊಣಗುತ್ತ ಮರಳಿದರು. ಆದರೂ ಸಂಸ್ಥೆ ಎದೆಗುಂದಲಿಲ್ಲ. 1999ರಲ್ಲಿ ಎರಡನೆಯ ಉದ್ಯಾನ ಐಲೆಂಡ್ಸ್ ಆಫ್ ಅಡ್ವೆಂಚರ್ ತೆರೆಯಿತು. ನಿಜವಾದ ತಿರುವು 2010ರದ್ದು. ಹ್ಯಾರಿ ಪಾಟರ್ ಓದಿದ ಮಕ್ಕಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಾಗ್ವರ್ಟ್ಸ್ ಕೋಟೆ ಆ ವರ್ಷ ಅಲ್ಲಿ ಎದ್ದು ನಿಂತಿತು. 2014ರಲ್ಲಿ ಪಕ್ಕದ ಉದ್ಯಾನದಲ್ಲಿ ಡಯಾಗನ್ ಆಲಿ ಎಂಬ ಮಾಂತ್ರಿಕರ ಪೇಟೆ ಬಂತು. ಪೇಟೆಗೂ ಕೋಟೆಗೂ ನಡುವೆ ರೈಲೇ ಓಡುತ್ತದೆ. 2025ರ ಮೇ 22ರಂದು, ಹಳೆಯ ಎರಡರಿಂದ ಕೆಲವು ಕಿಲೋಮೀಟರ್ ದೂರದಲ್ಲಿ, ಎಪಿಕ್ ಯೂನಿವರ್ಸ್ ಎಂಬ ಮತ್ತೊಂದು ಉದ್ಯಾನವೂ ಸೇರಿಕೊಂಡಿತು. ಒಂದು ದಿನದಲ್ಲಿ ನೋಡಿ ಮುಗಿಸಿ ಡಿಸ್ನಿಗೆ ಮರಳಬಹುದು ಎನ್ನುವ ಕಾಲ ಅಲ್ಲಿಗೆ ಮುಗಿಯಿತು.

ಎರಡು ಬಗೆಯ ವೇಗ

ಎರಡರ ಸ್ವಭಾವ ಅರಿಯಲು ಒಂದೊಂದು ಆಟ ಸಾಕು. ಡಿಸ್ನಿಯ ಸ್ಪೇಸ್ ಮೌಂಟನ್ 1975ರಿಂದ ಓಡುತ್ತಿದೆ. ಇಳಿದವರು ನಡುಗುವ ಕಾಲಲ್ಲಿ ಆಚೆ ಬರುತ್ತಾರೆ. ಅದರ ವೇಗ ಎಷ್ಟೆಂದು ಬಲ್ಲಿರಾ? ಗಂಟೆಗೆ ಸುಮಾರು 45 ಕಿಲೋಮೀಟರ್, ನಮ್ಮ ಹಳ್ಳಿ ಬಸ್ಸಿನಷ್ಟು! ಗುಟ್ಟಿರುವುದು ಕತ್ತಲಲ್ಲಿ. ಮುಂದಿನ ತಿರುವು ಕಣ್ಣಿಗೆ ಕಾಣದಿದ್ದಾಗ ದೇಹ ಸಿದ್ಧವಾಗಿರುವುದಿಲ್ಲ, ವೇಗ ಇಮ್ಮಡಿಯಾಯಿತೆಂದೇ ಅನ್ನಿಸುತ್ತದೆ. ಯೂನಿವರ್ಸಲ್‌ನ ವೆಲಾಸಿಕೋಸ್ಟರ್ 2021ರದ್ದು. ಹಗಲು ಬೆಳಕಿನಲ್ಲೇ ಗಂಟೆಗೆ ಸುಮಾರು 113 ಕಿಲೋಮೀಟರ್ ವೇಗದಲ್ಲಿ ನುಗ್ಗಿ, 47 ಮೀಟರ್ ಎತ್ತರಕ್ಕೆ ಏರಿ, ತಲೆಕೆಳಗಾಗಿಸುತ್ತದೆ. ಒಂದು ಕಡೆ ಕಲ್ಪನೆ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಯಂತ್ರ.

ಸಿಂಡ್ರೆಲಾ ಅರಮನೆಯೂ ಇಂಥ ಕಣ್ಕಟ್ಟೇ. ಎತ್ತರ 189 ಅಡಿ. ಮೇಲೆ ಹೋದಂತೆ ಕಿಟಕಿ, ಕಲ್ಲುಗಳನ್ನು ಚಿಕ್ಕದಾಗಿಸಿರುವುದರಿಂದ ಕೆಳಗೆ ನಿಂತವರಿಗೆ ಮುಗಿಲು ಮುಟ್ಟಿದಂತೆ ಕಾಣುತ್ತದೆ. ಹಾಗ್ವರ್ಟ್ಸ್ ಕೋಟೆಗೂ ಇದೇ ಉಪಾಯ ಮಾಡಿದ್ದಾರೆ. ಚಿತ್ರಕಲೆಯ ತರಗತಿಯಲ್ಲಿ ದೂರ ಹತ್ತಿರಗಳ ಪಾಠ ಕೇಳಿದ ವಿದ್ಯಾರ್ಥಿಗಳು ಇಲ್ಲಿ ಅದನ್ನು ಕಣ್ಣಾರೆ ನೋಡಬಹುದು.

ಅಳತೆ ಕೋಲಿನ ತೀರ್ಪು

ಪ್ರತಿಯೊಂದು ದೊಡ್ಡ ಆಟದ ಬಾಗಿಲಲ್ಲೂ ಒಂದು ಅಳತೆ ಕೋಲು ನಿಂತಿರುತ್ತದೆ. ಅದಕ್ಕಿಂತ ಕುಳ್ಳಗಿರುವ ಮಗುವಿಗೆ ಪ್ರವೇಶವಿಲ್ಲ. ಅತ್ತರೂ ಇಲ್ಲ, ಅಪ್ಪ ಗೋಗರೆದರೂ ಇಲ್ಲ. ಕಬ್ಬಿಣದ ಅಡ್ಡಪಟ್ಟಿ ಮೈಯನ್ನು ಸರಿಯಾಗಿ ಹಿಡಿಯಬೇಕಾದರೆ ಅಷ್ಟು ಎತ್ತರ ಬೇಕೇ ಬೇಕು. ಮಗುವಿನ ಪ್ರಾಣದ ಪ್ರಶ್ನೆಯಾದ್ದರಿಂದ ಇಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ಯೂನಿವರ್ಸಲ್‌ನ ಹಲ್ಕ್ ಕೋಸ್ಟರಿಗೆ 137 ಸೆಂಟಿಮೀಟರ್ ಬೇಕು, ವೆಲಾಸಿಕೋಸ್ಟರಿಗೆ 130, ಹಾಗ್ವರ್ಟ್ಸ್ ಕೋಟೆಯೊಳಗಿನ ಆಟಕ್ಕೆ 122. ಡಿಸ್ನಿಯ ಸ್ಪೇಸ್ ಮೌಂಟನ್‌ಗೆ 112, ಏಳು ಕುಳ್ಳರ ಗಣಿ ರೈಲಿಗೆ 97. ದೋಣಿಯಲ್ಲಿ ಕುಳಿತು ಜಗತ್ತಿನ ಮಕ್ಕಳ ಬೊಂಬೆಗಳನ್ನು ನೋಡುವ ಆಟದಂಥ ಹಲವಕ್ಕೆ ಎತ್ತರದ ಕಟ್ಟಳೆಯೇ ಇಲ್ಲ. ಮಗಳ ಎತ್ತರ 106 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅರ್ಧ ತೀರ್ಪು ಇಲ್ಲೇ ಸಿಕ್ಕಿಬಿಡುತ್ತದೆ. ಡಿಸ್ನಿಯಲ್ಲಿ ಇಡೀ ಕುಟುಂಬ ಒಟ್ಟಿಗೆ ಕೂರುವ ಆಟಗಳೇ ಹೆಚ್ಚು. ಯೂನಿವರ್ಸಲ್‌ನಲ್ಲೂ ಪುಟ್ಟವರಿಗೆ ಜಾಗವಿದೆ, ಆದರೆ ಮಗ ಹಂಬಲಿಸುವ ಆಟಗಳ ಬಾಗಿಲಲ್ಲಿ ಕುಟುಂಬ ಎರಡಾಗುತ್ತದೆ. ಹಾಗಾದಾಗ ಒಬ್ಬ ಪಾಲಕರು ಮಗುವಿನೊಂದಿಗೆ ಕಾದಿದ್ದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಆಟಕ್ಕೆ ಹೋಗುವ ವ್ಯವಸ್ಥೆ ಎರಡೂ ಕಡೆ ಇದೆ. ಕೇಳಿದವರಿಗೆ ಸಿಗುತ್ತದೆ.

ಕಾಸು, ಕಾಲು, ಕಾರ್ಮೋಡ

ಒಬ್ಬರ ಒಂದು ದಿನದ ಟಿಕೆಟ್ ನೂರು ಡಾಲರಿಗೂ ಮೇಲೆ. ಜನಸಂದಣಿಯ ದಿನ ಇನ್ನೂ ಜಾಸ್ತಿ. ಮೂರು ವರ್ಷದೊಳಗಿನ ಮಗುವಿಗೆ ಉಚಿತ. ಹತ್ತು ತುಂಬಿದವರೆಲ್ಲ ದೊಡ್ಡವರೇ. ದಿನಗಳು ಹೆಚ್ಚಿದಂತೆ ದಿನವೊಂದರ ಬೆಲೆ ಇಳಿಯುವುದರಿಂದ, ಒಂದೇ ಕಡೆ ಹೆಚ್ಚು ದಿನ ಕಳೆಯುವುದು ಅಗ್ಗ. ಮಾಂತ್ರಿಕರ ರೈಲು ಹತ್ತಬೇಕಾದರೆ ಎರಡೂ ಉದ್ಯಾನಗಳ ಟಿಕೆಟ್ ಇರಬೇಕು. ಒಂದರದ್ದೇ ಕೊಂಡವರಿಗೆ ರೈಲಿಲ್ಲ.

ಇನ್ನು ಸರತಿ ಸಾಲು. 1999ರಿಂದ ಎರಡು ದಶಕ ಡಿಸ್ನಿಯಲ್ಲಿ ಸಾಲು ತಪ್ಪಿಸುವ ಚೀಟಿ ಎಲ್ಲರಿಗೂ ಉಚಿತವಾಗಿತ್ತು. 2021ರಲ್ಲಿ ಅದು ನಿಂತು, ಈಗ ದುಡ್ಡು ಕೊಟ್ಟವರಿಗೆ ಬೇರೆ ಸಾಲು. ಯೂನಿವರ್ಸಲ್‌ನಲ್ಲೂ ಹಾಗೆಯೇ. ನಮ್ಮ ದೊಡ್ಡ ದೇವಸ್ಥಾನಗಳ ವಿಶೇಷ ದರ್ಶನ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕಾಸಿಲ್ಲದ ಉಪಾಯವೂ ಒಂದಿದೆ. ಬಾಗಿಲು ತೆರೆಯುವ ಮುನ್ನವೇ ಹೋಗಿ ನಿಲ್ಲುವುದು. ಬೆಳಗಿನ ಮೊದಲ ಎರಡು ಗಂಟೆಯಲ್ಲಿ ಆಗುವಷ್ಟು ಕೆಲಸ ಮಧ್ಯಾಹ್ನವೆಲ್ಲ ನಿಂತರೂ ಆಗುವುದಿಲ್ಲ.

ಡಿಸ್ನಿಯ ನಾಲ್ಕೂ ಉದ್ಯಾನಗಳು ಒಂದರಿಂದೊಂದು ದೂರ. ಬಸ್ಸು, ಮೊನೊರೈಲು, ದೋಣಿ ಇವೆ, ಆದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ. ಯೂನಿವರ್ಸಲ್‌ನ ಹಳೆಯ ಎರಡು ಉದ್ಯಾನಗಳು ಅಕ್ಕಪಕ್ಕ, ನಡೆದೇ ಹೋಗಬಹುದು. ಅಜ್ಜಿಗೆ ಗಾಲಿಕುರ್ಚಿ ಎರಡೂ ಕಡೆ ಬಾಡಿಗೆಗೆ ಸಿಗುತ್ತದೆ. ಕೂತಲ್ಲೇ ಜಿರಾಫೆ, ಆನೆಗಳನ್ನು ತೋರಿಸುವ ಡಿಸ್ನಿಯ ಸಫಾರಿ ಅಜ್ಜಿಗೂ ಮೊಮ್ಮಗಳಿಗೂ ಸಮನಾಗಿ ಹಿಡಿಸುತ್ತದೆ. ಡಿಸ್ನಿಯೊಳಗೆ ಮನೆಯ ತಿಂಡಿ ಒಯ್ಯಲು ಅಡ್ಡಿಯಿಲ್ಲ. ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಕೈಚೀಲದಲ್ಲಿದ್ದರೆ ಸಸ್ಯಾಹಾರಿಗಳ ಅರ್ಧ ಚಿಂತೆ ಕಳೆದಂತೆ.

ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಸೆಕೆ, ಜನಜಂಗುಳಿ, ಮಧ್ಯಾಹ್ನವಾದರೆ ಗುಡುಗು ಮಳೆ. ಮಿಂಚಿದರೆ ಬಯಲಿನ ಆಟಗಳೆಲ್ಲ ನಿಲ್ಲುತ್ತವೆ. ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಮೇ ಮೊದಲ ವಾರಗಳಲ್ಲಿ ಅಮೆರಿಕದ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ದಸರಾ ರಜೆಯಲ್ಲಿ ಹೋಗುವವರು ಒಂದು ಎಚ್ಚರ ವಹಿಸಬೇಕು. ಆಗ ಹಲವು ರಾತ್ರಿ ಯೂನಿವರ್ಸಲ್‌ನಲ್ಲಿ ಭೂತಪ್ರೇತಗಳ ಉತ್ಸವ ನಡೆಯುತ್ತದೆ. ಅದು ಪುಟ್ಟ ಮಕ್ಕಳಿಗಲ್ಲ.

ನಾಲ್ಕು ದಿನದ ಲೆಕ್ಕ

ನಾಲ್ಕು ದಿನದಲ್ಲಿ ಏಳು ಉದ್ಯಾನ ಮುಗಿಸುತ್ತೇವೆಂದು ಹೊರಟವರು ಏಳು ಬಾಗಿಲುಗಳನ್ನು ಮಾತ್ರ ನೋಡಿ ಬರುತ್ತಾರೆ. ಈ ಕುಟುಂಬಕ್ಕೆ ಒಪ್ಪುವ ಲೆಕ್ಕ ಇದು: ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್, ಎರಡನೆಯ ದಿನ ಅನಿಮಲ್ ಕಿಂಗ್‌ಡಮ್. ಮೂರನೆಯ ದಿನ ಪೂರ್ತಿ ವಿಶ್ರಾಂತಿ. ಹೋಟೆಲಿನ ಈಜುಕೊಳ, ಮಧ್ಯಾಹ್ನದ ನಿದ್ದೆ. ಇದು ದಂಡದ ದಿನವಲ್ಲ. ಈ ಒಂದು ದಿನವಿಲ್ಲದಿದ್ದರೆ ನಾಲ್ಕನೆಯ ದಿನ ಎಲ್ಲರೂ ಎಲ್ಲರ ಮೇಲೂ ರೇಗುತ್ತಾರೆ. ನಾಲ್ಕನೆಯ ದಿನ ಯೂನಿವರ್ಸಲ್‌ನ ಹಳೆಯ ಎರಡು ಉದ್ಯಾನ, ನಡುವೆ ರೈಲು. ಎಪಿಕ್ ಯೂನಿವರ್ಸ್ ಇನ್ನೊಮ್ಮೆಗಿರಲಿ.

ಮಗನಿಗೆ ಅನ್ಯಾಯವಾಯಿತೇ? ಅವನಿಗೆ ಒಂದು ದಿನ, ತಂಗಿಗೆ ಎರಡು. ಅವನು ಹದಿನಾಲ್ಕರವನು. ಹಲ್ಕ್ ಕೋಸ್ಟರ್ ಹತ್ತುವಷ್ಟು ಎತ್ತರ ಈಗಾಗಲೇ ಇದೆ, ಮುಂದೂ ಇರುತ್ತದೆ. ಇಪ್ಪತ್ತರಲ್ಲಿ ಗೆಳೆಯರೊಂದಿಗೆ ಹೋದರೂ ಅದೇ ಮಜಾ. ಆದರೆ ಅರಮನೆಯ ಮುಂದೆ ನಿಂತಿರುವ ಹುಡುಗಿ ನಿಜವಾದ ಸಿಂಡ್ರೆಲಾಳೇ ಎಂದು ನಂಬುವ ವಯಸ್ಸು ತಂಗಿಗೆ ಮತ್ತೆ ಬರುವುದಿಲ್ಲ. ಇನ್ನೆರಡು ವರ್ಷಕ್ಕೆ ಅವಳೂ "ಅದು ವೇಷ ಕಣಮ್ಮ" ಎನ್ನುತ್ತಾಳೆ. ಇದನ್ನು ಮಗನನ್ನು ಕೂರಿಸಿಕೊಂಡು ಹೇಳಿದರೆ ಹದಿನಾಲ್ಕರವನಿಗೆ ಅರ್ಥವಾಗದ ಮಾತೇನಲ್ಲ. ಇಬ್ಬರು ಮಕ್ಕಳೂ ಹತ್ತು ದಾಟಿದ ಮನೆಯಾದರೆ ಇದೇ ಲೆಕ್ಕ ತಿರುಗುಮುರುಗಾಗಲಿ: ಯೂನಿವರ್ಸಲ್‌ಗೆ ಎರಡು ದಿನ, ಡಿಸ್ನಿಗೆ ಒಂದು.

ಆದ್ದರಿಂದ ಬಣ್ಣಬಣ್ಣದ ಜಾಹೀರಾತು ತೆರೆಯುವ ಮುನ್ನ, ಮಕ್ಕಳ ಎತ್ತರವನ್ನು ಪೆನ್ಸಿಲ್ಲಿನಲ್ಲಿ ಗುರುತಿಸುತ್ತ ಬಂದಿರುವ ಮನೆಯ ಗೋಡೆಯನ್ನೊಮ್ಮೆ ನೋಡಿದರೆ ಒಳ್ಳೆಯದು. ಯಾವ ಬಾಗಿಲು ತೆರೆಯುತ್ತದೆ, ಯಾವುದು ಇನ್ನೂ ಕಾಯಬೇಕು ಎಂಬುದು ಆ ಗೆರೆಗಳಲ್ಲೇ ಇದೆ. ಯಾವ ಬಾಗಿಲು ಬೇಗ ಮುಚ್ಚಿಹೋಗುತ್ತದೆ ಎಂಬುದೂ ಇದೆ.