ಮಧುಗಿರಿ ರೈಲು ಯಾವ ಡ್ರೈವ್‌ನಲ್ಲಿದೆ?

ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡದ ಮೇಲೆ ಹಾದು ರಾಯದುರ್ಗ ಸೇರುವ 207 ಕಿಲೋಮೀಟರ್ ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ತುಮಕೂರಿನಿಂದಲೇ ಶಿರಾ, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2011-12ರಲ್ಲಿ. ಮಂಜೂರಾಗಿ ಹದಿನೈದು ವರ್ಷ ಕಳೆದರೂ ಮಧುಗಿರಿಯವರು ರೈಲು ಹತ್ತಲು ತುಮಕೂರಿಗೋ ಗೌರಿಬಿದನೂರಿಗೋ, ಪಾವಗಡದವರು ಹಿಂದೂಪುರಕ್ಕೋ ಬಸ್ಸಿನಲ್ಲಿ ಹೋಗುವುದು ತಪ್ಪಲಿಲ್ಲ. ಇಂಥ ಸೀಮೆಯ ಹುಡುಗನೋ ಹುಡುಗಿಯೋ ‘ಟ್ರೈನ್ಜ್‌’ನಂಥ ರೈಲು ಸಿಮ್ಯುಲೇಟರ್ ಹಿಡಿದು ತಮ್ಮೂರಿಗೆ ತಾವೇ ಹಳಿ ಹಾಕಲು ಕೂತರೆ ಅದನ್ನು ಬರೀ ಆಟ ಎನ್ನಲು ನನಗೆ ಮನಸ್ಸು ಬಾರದು. ಆ ಕೆಲಸ ಉಳಿಯುವುದು, ಅಳಿಯುವುದು ಎರಡೂ ಅದನ್ನು ಕೂಡಿಡುವ ಕಂಪ್ಯೂಟರಿನ ಒಂದು ಫೋಲ್ಡರಿನ ಕೈಯಲ್ಲಿದೆ. ಆಟಕ್ಕಿಂತ ಆ ಫೋಲ್ಡರನ್ನೇ ಹೆಚ್ಚು ಜೋಪಾನ ಮಾಡಬೇಕು ಎಂಬುದು ನನ್ನ ವಾದ.

ಶ್ರಮದ ಲೆಕ್ಕ ಹಾಕಿ ನೋಡಿ. ಟ್ರೈನ್ಜ್‌ನಲ್ಲಿ ನೆಲ ಸಿಗುವುದು 720 ಮೀಟರ್ ಚೌಕದ ಹಲಗೆಗಳಲ್ಲಿ. ರಾಯದುರ್ಗದ ತನಕ ಒಂದೇ ಸಾಲು ಹಾಸಿದರೂ 287 ಹಲಗೆ ದಾಟುತ್ತದೆ. ಅಕ್ಕಪಕ್ಕದ ಬೆಟ್ಟ ಕಾಣಬೇಕೆಂದರೆ ಅದರ ಹಲವು ಪಟ್ಟು. ನೆಲದ ಎತ್ತರಕ್ಕೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆ ಎಂಡೆವರ್ ರಾಡಾರಿನಿಂದ ಅಳೆದು ತಂದ ಅಂಕಿಅಂಶ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಆದರೆ ಅದು ಸುಮಾರು 30 ಮೀಟರಿಗೊಂದು ಬಿಂದು. ಮಧುಗಿರಿಯ ಏಕಶಿಲಾ ಬೆಟ್ಟದ ಕಡಿದಾದ ಮೈ ಅದರಲ್ಲಿ ಮೊಂಡಾಗಿ, ಇಳಿಜಾರಾಗಿ ಬಂದುಬಿಡುತ್ತದೆ. ಅದನ್ನು ಮೌಸ್ ಹಿಡಿದು ಗೆರೆಗೆರೆಯಾಗಿ ಎಬ್ಬಿಸಬೇಕು. ಕೊರಟಗೆರೆಯ ಹತ್ತಿರ ಜಯಮಂಗಲಿ ನದಿಯ ಪಾತ್ರ ತೋಡಿ ಸೇತುವೆ ಕಟ್ಟಬೇಕು. ಶಿರಾ ಕಡೆಯ ಕಡಲೆಕಾಯಿ ಹೊಲದ ಬಣ್ಣ ಹೊಂದಿಸಬೇಕು. ಎಂಜಿನ್, ಬೋಗಿಗಳನ್ನು ಬೇರೆ ಹವ್ಯಾಸಿಗಳು ಮಾಡಿಟ್ಟಿರುತ್ತಾರೆ, ಮತ್ತೆ ಇಳಿಸಿಕೊಳ್ಳಬಹುದು. ಆಟವನ್ನಂತೂ ಯಾವಾಗ ಬೇಕಾದರೂ ಹಾಕಿಕೊಳ್ಳಬಹುದು. ಕೈಯಾರೆ ಎಬ್ಬಿಸಿದ ಆ ಬೆಟ್ಟ ಮಾತ್ರ ಆ ಒಂದು ಫೋಲ್ಡರ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಆ ಫೋಲ್ಡರ್ ಇರುವ ಜಾಗವೋ ಅಪಾಯದ ಜಾಗ. ಈಚಿನ ಆವೃತ್ತಿಗಳು ಕೇಳದೆಯೇ ಅದನ್ನು ಸಿ ಡ್ರೈವ್‌ನ ‘ಆಪ್‌ಡೇಟಾ’ ಒಳಗೆ ಇಡುತ್ತವೆ, ವಿಂಡೋಸ್ ಅದನ್ನು ಮರೆಮಾಡುತ್ತದೆ. ಕಂಪ್ಯೂಟರ್ ನಿಧಾನವಾಯಿತೆಂದು ಪೇಟೆಯ ಅಂಗಡಿಗೆ ಒಯ್ದರೆ, ರಿಪೇರಿಯವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳನ್ನು ನಿಷ್ಠೆಯಿಂದ ಡಿ ಡ್ರೈವ್‌ಗೆ ಹಾಕಿ ಸಿ ಡ್ರೈವ್ ಫಾರ್ಮ್ಯಾಟ್ ಮಾಡುತ್ತಾರೆ. ಅವರದೇನೂ ತಪ್ಪಿಲ್ಲ, ಕಾಣದ್ದನ್ನು ಉಳಿಸುವುದು ಹೇಗೆ? ಆದ್ದರಿಂದ ಮೊದಲ ದಿನವೇ ಆಟದ ಸೆಟ್ಟಿಂಗ್ಸ್‌ಗೆ ಹೋಗಿ ಈ ಫೋಲ್ಡರಿನ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಬೇಕು, ಅದಕ್ಕೆ ಗುರುತು ಸಿಗುವ ಹೆಸರಿಡಬೇಕು. ಅದರೊಳಗೆ ಎಲ್ಲವೂ ಒಂದೇ ತೂಕದ್ದಲ್ಲ ಎನ್ನುವುದೂ ತಿಳಿದಿರಬೇಕು. ‘ಕ್ಯಾಶ್’ ಎಂಬ ಒಳಫೋಲ್ಡರ್ ಹೋದರೆ ಆಟವೇ ಮತ್ತೆ ಕಟ್ಟಿಕೊಳ್ಳುತ್ತದೆ. ಸೂಚಿಯ ಫೈಲು ಕೆಟ್ಟರೆ ಡೇಟಾಬೇಸ್ ರೀಬಿಲ್ಡ್ ಮಾಡಿಸಿದರಾಯಿತು. ನಾವು ಕೈಯಾರೆ ಮಾಡಿದ್ದು ಇರುವ ‘ಲೋಕಲ್’ ಹೋದರೆ ಎಲ್ಲ ಹೋದಂತೆ. ಪಹಣಿ ಕಳೆದರೆ ನಾಡಕಚೇರಿಯಲ್ಲಿ ಇನ್ನೊಂದು ಪ್ರತಿ ತೆಗೆಸಬಹುದು, ಜಮೀನೇ ಕೊಚ್ಚಿಹೋದರೆ ಪಹಣಿ ಇಟ್ಟುಕೊಂಡು ಮಾಡುವುದೇನು?

ಆಟವೇ ಬ್ಯಾಕಪ್ ಇಡುತ್ತದಲ್ಲ ಎನ್ನುವವರಿದ್ದಾರೆ. ಇಡುತ್ತದೆ, ಆದರೆ ಅದೇ ಫೋಲ್ಡರಿನ ಒಳಗೆ, ಕೆಲವು ದಿನಗಳ ಮಟ್ಟಿಗೆ. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ರೂಟನ್ನು, ಅಂದರೆ ಕಟ್ಟಿದ ಹಳಿ, ನೆಲವನ್ನೆಲ್ಲ, ಟ್ರೈನ್ಜ್‌ನ ‘ಸಿಡಿಪಿ’ ಎಂಬ ಒಂದು ಫೈಲಾಗಿ ತೆಗೆದಿಟ್ಟರೆ ಸಾಲದೇ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ರೂಟಿನ ಫೈಲಿನಲ್ಲಿ ಬೇವಿನ ಮರ ಇರುವುದಿಲ್ಲ, ಆ ಮರದ ‘ಕುಯಿಡ್’ ಎಂಬ ನಂಬರು ಮಾತ್ರ ಇರುತ್ತದೆ. ಮರ ಮಾಡಿದವರು ಅದನ್ನು ಇಟ್ಟಿದ್ದ ತಾಣ ಮುಚ್ಚಿದರೆ ನಮ್ಮ ಪಾವಗಡ ಬೋಳಾಗುತ್ತದೆ. ರೂಟಿನ ಜೊತೆ ಅದು ನಂಬಿರುವ ಸಾಮಗ್ರಿಯೆಲ್ಲ ಸೇರಿದ್ದರೆ ಮಾತ್ರ ಅದು ಪೂರ್ತಿ ಪ್ರತಿ. ಇನ್ನು ತಾನೇ ಸಿಂಕ್ ಆಗುವ ಕ್ಲೌಡ್ ಫೋಲ್ಡರಿನಲ್ಲೇ ಇಡುವುದು ಸುಲಭ ಅನ್ನಿಸಬಹುದು. ಆದರೆ ಆಟ ನಡೆಯುತ್ತಿರುವಾಗ ಸಾವಿರಾರು ಸಣ್ಣ ಫೈಲುಗಳನ್ನು ಎರಡು ತಂತ್ರಾಂಶಗಳು ಒಟ್ಟಿಗೆ ಎಳೆದಾಡಿದರೆ ಡೇಟಾಬೇಸ್ ಕೆಡುವ ಭಯವಿದೆ. ಆಟ ಮುಚ್ಚಿ, ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುವುದೇ ಮೇಲು. ಹೊಸ ಆವೃತ್ತಿ ಹಾಕಿದಾಗಲೂ ಅದಕ್ಕೆ ಬೇರೆ ಫೋಲ್ಡರ್ ಕೊಡಬೇಕು. ಹೊಸದರಲ್ಲಿ ತೆರೆದು ಸೇವ್ ಮಾಡಿದ ರೂಟನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ.

ನಿಜವಾದ ರೈಲು ಬಂದ ಮೇಲೆ ಈ ಕಲ್ಪನೆಯ ಹಳಿ ಯಾರಿಗೆ ಬೇಕು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಂಥ ರೂಟು ರೈಲ್ವೆ ಇಲಾಖೆಯ ನಕ್ಷೆಯಲ್ಲ, ಹಾಗೆಂದು ಯಾರೂ ನಂಬಬಾರದು. ಆದರೆ ಪಾವಗಡದ ತಿರುಮಣಿ ಸುತ್ತ ನೋಡಿ: ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದು ನೆಲದ ಚಹರೆಯೇ ಬದಲಾಯಿತು. ಹಿಂದೆ ಅಲ್ಲಿ ಯಾವ ಬದು ಎಲ್ಲಿತ್ತು, ಬಂಡಿದಾರಿ ಎಲ್ಲಿ ತಿರುಗುತ್ತಿತ್ತು ಎಂದು ನಡೆದಾಡಿ ನೋಡುವಂಥ ಚಿತ್ರ ಎಷ್ಟು ಜನರ ಬಳಿ ಇದೆ? ಹಳಿ ಬೀಳುವಾಗಲೂ ದಿಬ್ಬ ಕಡಿಯುತ್ತಾರೆ, ತಗ್ಗು ತುಂಬುತ್ತಾರೆ. ಅದಕ್ಕೆ ಮುಂಚಿನ ನೆಲವನ್ನು ಊರಿನವರ ಕಣ್ಣಿನಿಂದ ಕಟ್ಟಿಟ್ಟ ರೂಟಿಗೆ ಆಗ ಬೇರೆಯೇ ಬೆಲೆ ಬರುತ್ತದೆ. ಹಾಗಾಗಿ ಹಳೆಯ ನಕಲಿನ ಮೇಲೆಯೇ ಹೊಸದನ್ನು ಬರೆಯದೆ, ಪ್ರತಿ ನಕಲಿಗೂ ತಿಂಗಳು, ವರ್ಷ ಸೇರಿಸಿ ಹೆಸರಿಡಬೇಕು. ಜೊತೆಗೊಂದು ಚಿಕ್ಕ ಟೆಕ್ಸ್ಟ್ ಫೈಲಿನಲ್ಲಿ ಯಾವ ಭಾಗ ಉಪಗ್ರಹ ಚಿತ್ರ ನೋಡಿ ಮಾಡಿದ್ದು, ಯಾವುದು ಊಹೆ, ಯಾವ ಕೆರೆ ಏರಿಯನ್ನು ಹೋಗಿ ನೋಡಿ ತಿದ್ದಿದ್ದು ಎಂದು ಕನ್ನಡದಲ್ಲೇ ಬರೆದಿಡಬೇಕು. ಒಂದು ಪ್ರತಿ ಮನೆಯಲ್ಲಿದ್ದರೆ ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಕೊರಟಗೆರೆಯಿಂದ ಪಾವಗಡದ ತನಕ ಒಂದು ಗಾಡಿ ಓಡಿಸಿ ನೋಡಬೇಕು.